ಆರನೇ ಪ್ರಯೋಗದ ಉತ್ತರ

ಪ್ರಾಯೋಗಿಕ ಪರೀಕ್ಷೆಗೆ ಆರು ದಿನ ಉಳಿದಿದ್ದಾಗ ನನ್ನ ಮೇಜಿನ ಮೇಲೆ ಮೂವತ್ನಾಲ್ಕು ಜರ್ನಲ್‌ಗಳಿದ್ದವು. ಮೂವತ್ಮೂರಕ್ಕೆ ಸಹಿ ಆಗಿತ್ತು, ಒಂದಕ್ಕೆ ಆಗಿರಲಿಲ್ಲ. ಹನ್ನೆರಡು ಪ್ರಯೋಗಗಳಿಗೂ ಸಹಿ ಬೀಳದ ಜರ್ನಲ್ಲಿಗೆ ಪ್ರಮಾಣಪತ್ರ ಕೊಡುವಂತಿಲ್ಲ. ಪ್ರಮಾಣಪತ್ರ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಕೂರದಿದ್ದರೆ ಅದೇ ಪ್ರಾಯೋಗಿಕಕ್ಕಾಗಿ ಮುಂದಿನ ವರ್ಷದವರೆಗೆ ಕಾಯಬೇಕು. ಈ ನಿಯಮವನ್ನು ಸೆಮಿಸ್ಟರಿನ ಮೊದಲ ದಿನ ತರಗತಿಯಲ್ಲಿ ಬೆದರಿಕೆಯ ದನಿಯಲ್ಲಿ ಹೇಳುವವನು ನಾನೇ. ಆದ್ದರಿಂದ ಮರೆತಿದ್ದೆ ಅನ್ನುವ ಹಾಗಿಲ್ಲ.

ಗಣಿತದಲ್ಲಿ ಪ್ರಾಯೋಗಿಕ ಏನಿರುತ್ತದೆ ಎಂದು ವಾಡಿಯಲ್ಲಿ ನಮ್ಮ ಪಕ್ಕದ ಮನೆಯವರು ಇಂದಿಗೂ ಕೇಳುತ್ತಾರೆ. ಆಮ್ಲ, ಕಪ್ಪೆ, ಬುನ್ಸೆನ್ ದೀಪ ಯಾವುದೂ ನಮ್ಮಲ್ಲಿಲ್ಲ. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು ಸಮೀಕರಣದ ಮೂಲ ಹುಡುಕುವುದು, ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಅಳೆಯುವುದು, ಇಂಥವು. ಸೇಡಂನಲ್ಲಿ ನಾನು ಕಲಿಸುವ ಕಾಲೇಜಿನ ಪ್ರಯೋಗಾಲಯದಲ್ಲಿ ಹದಿನಾಲ್ಕು ಕಂಪ್ಯೂಟರ್‌ಗಳಿವೆ. ಅವುಗಳಲ್ಲಿ ಒಂಬತ್ತು ನಡೆಯುತ್ತವೆ. ಉಳಿದ ಐದು, ಯಾರಾದರೂ ತಪಾಸಣೆಗೆ ಬಂದಾಗ ಕೋಣೆ ತುಂಬಿದಂತೆ ಕಾಣಲಿ ಎಂದು ಕೂತಿವೆ.

ಎರಡು ವರ್ಷದ ಹಿಂದೆ ಪಠ್ಯಕ್ರಮ ಬದಲಾಯಿತು. ಅದುವರೆಗೆ ಕಲಿಸುತ್ತಿದ್ದ ತಂತ್ರಾಂಶ ಹೋಗಿ ಪೈಥಾನ್ ಬಂತು. ಹಳೆಯದರಲ್ಲಿ ನಾನು ಪಳಗಿದ್ದೆ. ಹೊಸದನ್ನು ರಜೆಯಲ್ಲಿ ಮೊಬೈಲ್ ವಿಡಿಯೋ ನೋಡಿ ಕಲಿತೆ. ಹನ್ನೆರಡು ಪ್ರೋಗ್ರಾಂಗಳನ್ನೂ ಒಂದೊಂದಾಗಿ ಹೊಸ ಭಾಷೆಗೆ ಹೊರಳಿಸಿದೆ. ಮೊದಲ ಮೂರನ್ನು ಓಡಿಸಿ ನೋಡಿದೆ, ಸರಿಯಾಗಿ ಓಡಿದವು. ಆಮೇಲೆ ಕರೆಂಟ್ ಹೋಯಿತು. ಉಳಿದ ಒಂಬತ್ತನ್ನು ಕಣ್ಣಿನಲ್ಲೇ ಓಡಿಸಿದೆ.

ಇಲ್ಲಿ ನನ್ನ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ಮನೆಯ ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ಸ್ಟೇಷನ್ನಿನಿಂದ ಹೆಂಡತಿಗೆ ಫೋನ್ ಮಾಡುವ ಮನುಷ್ಯ ನಾನು. ಅವಳು ಆ ಹೊತ್ತಿಗೆ ಅದೇ ಗ್ಯಾಸಿನ ಮೇಲೆ ರೊಟ್ಟಿ ಮಾಡುತ್ತಿರುತ್ತಾಳೆ. ರೈಲಿನ ಟಿಕೆಟನ್ನು ವಾಡಿಯಿಂದ ಸೇಡಂ ಮುಟ್ಟುವುದರೊಳಗೆ ನಾಲ್ಕು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ. ಇಂಥವನು ಒಂಬತ್ತು ಪ್ರೋಗ್ರಾಂಗಳನ್ನು ಓಡಿಸಿ ನೋಡದೆ, ಹನ್ನೆರಡನ್ನೂ ಸೇರಿಸಿ ಪಿಡಿಎಫ್ ಮಾಡಿ, ಮುಖಪುಟದಲ್ಲಿ ಹೆಸರು ಹಾಕಿಕೊಂಡು, ಸುತ್ತಲಿನ ತಾಲೂಕುಗಳ ಗಣಿತ ಅಧ್ಯಾಪಕರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟೆ. ಚಿತ್ತಾಪುರ, ಶಹಾಬಾದ್, ಚಿಂಚೋಳಿಯಿಂದೆಲ್ಲ ಕೈಮುಗಿದ ಚಿತ್ರಗಳು ಬಂದವು. ಒಂದು ವಾರ ಚಿಂತೆಯಿಲ್ಲದೆ ಇದ್ದೆ.

ಸಹಿಯಾಗದ ಆ ಜರ್ನಲ್ಲು ಚಿಮ್ಮನಚೋಡದ ಒಬ್ಬ ವಿದ್ಯಾರ್ಥಿನಿಯದು. ಸೇಡಂನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ತರಗತಿಯಲ್ಲಿ ಹೆಚ್ಚು ಮಾತಿಲ್ಲ, ಎರಡನೇ ಬೆಂಚಿನ ಗೋಡೆ ಬದಿ ಅವಳ ಜಾಗ. ಅವಳ ಆರನೇ ಪ್ರಯೋಗ ತಪ್ಪಿತ್ತು. ಆರನೆಯದೆಂದರೆ ಸಿಂಪ್ಸನ್ನನ ನಿಯಮ. ವಕ್ರರೇಖೆಯ ಮೇಲೆ ಸಮಾನ ಅಂತರದಲ್ಲಿ ಏಳು ಎತ್ತರಗಳನ್ನು ಅಳೆದುಕೊಂಡು, ಎರಡು ತುದಿಯವನ್ನು ಹಾಗೇ ಬಿಟ್ಟು, ನಡುವಿನ ಐದನ್ನು ನಾಲ್ಕು, ಎರಡು, ನಾಲ್ಕು, ಎರಡು, ನಾಲ್ಕರಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಅಂತರದ ಮೂರನೇ ಒಂದು ಪಾಲಿನಿಂದ ಗುಣಿಸಿದರೆ ವಿಸ್ತೀರ್ಣದ ಲೆಕ್ಕ ಸಿಗುತ್ತದೆ. ನಾನು ಕೊಟ್ಟಿದ್ದ ಸಮಸ್ಯೆಗೆ ಉತ್ತರ 0.7854. ಪುಸ್ತಕದ ಕೊನೆಯಲ್ಲೂ ಅದೇ ಇದೆ. ಮೂವತ್ಮೂರು ಮಂದಿಯೂ ಅದನ್ನೇ ಬರೆದಿದ್ದರು. ಇವಳು ಮಾತ್ರ 0.69975 ಎಂದು ಬರೆದಿದ್ದಳು.

ನಾನು ಕೆಂಪು ಗೆರೆ ಎಳೆದು 'ತಪ್ಪು, ಮತ್ತೆ ಮಾಡಿ' ಎಂದು ಬರೆದೆ. ವಾರದ ನಂತರ ಕೆಳಗೆ ಮತ್ತೆ 0.69975. ಮತ್ತೆ ಗೆರೆ. ಮೂರನೇ ಸಲವೂ ಅದೇ ಬಂದಾಗ ನಾನು ತರಗತಿಯಲ್ಲೇ ಜರ್ನಲ್ ಎತ್ತಿ ಹಿಡಿದು, ಮೂವತ್ಮೂರು ಮಂದಿಗೆ ಬರುವ ಉತ್ತರ ಒಬ್ಬರಿಗೆ ಬರದಿದ್ದರೆ ದೋಷ ಯಂತ್ರದ್ದೋ ಮನುಷ್ಯರದ್ದೋ ಎಂದು ಕೇಳಿದೆ. ಹಿಂದಿನ ಬೆಂಚಿನವರು ನಕ್ಕರು. ಅವಳು ನಗಲಿಲ್ಲ, ಅಳಲೂ ಇಲ್ಲ. ಅವಳು ಹಿಂದಿನ ಎರಡು ಭಾನುವಾರ ಊರಿಗೆ ಹೋಗಿರಲಿಲ್ಲವೆಂದು ಅವಳ ಗೆಳತಿಯಿಂದ ಆಮೇಲೆ ತಿಳಿಯಿತು. ಪರೀಕ್ಷೆಗೆ ಕೂರಲು ಬಿಡುತ್ತಾರೋ ಇಲ್ಲವೋ ಎಂದು ಮನೆಯಲ್ಲಿ ಕೇಳಿದರೆ ಹೇಳಲು ಉತ್ತರ ಇರಲಿಲ್ಲವಂತೆ.

ಆ ದಿನ ಸಂಜೆ, ನಾನು ಸ್ಟೇಷನ್ನಿಗೆ ಹೊರಟಿದ್ದಾಗ, ಗೇಟಿನ ಹತ್ತಿರ ನಿಂತಿದ್ದಳು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ.

"ಸರ್, ಪ್ರೋಗ್ರಾಂ ಬ್ಯಾಡ್ರಿ, ಕೈಲೇ ಮಾಡೀನ್ರಿ. ನೀವು ಬೋರ್ಡ್ ಮ್ಯಾಲ ಬರದಂಗ ಸಾಲಿಗೆ ಸಾಲು ಹೋದ್ರ ನನ್ನ ಉತ್ತರ ಬರ್ತದ್ರಿ. ಪುಸ್ತಕದಾಗಿನಂಗ ಹೋದ್ರ ಪುಸ್ತಕದ್ದು ಬರ್ತದ್ರಿ. ಎರಡೂ ಬ್ಯಾರೆ ಬ್ಯಾರೆ ಅದಾವ್ರಿ."

ನೋಡುತ್ತೇನೆ ಎಂದೆ. ರೈಲು ತಪ್ಪೀತೆಂಬ ಚಿಂತೆಯಲ್ಲಿದ್ದೆ. ರೈಲು ಎಂದಿನಂತೆ ಮುಕ್ಕಾಲು ತಾಸು ತಡವಾಗಿತ್ತು.

ಮಳಖೇಡ ರೋಡ್ ದಾಟಿದ ಮೇಲೆ ಕಿಟಕಿಯ ಬೆಳಕಿನಲ್ಲಿ ಹಾಳೆ ಬಿಚ್ಚಿದೆ. ಎಡಬದಿಗೆ ನನ್ನ ಪ್ರೋಗ್ರಾಮಿನ ಪ್ರಕಾರ, ಬಲಬದಿಗೆ ಪುಸ್ತಕದ ಪ್ರಕಾರ ಲೆಕ್ಕ. ಅಕ್ಷರಗಳು ದುಂಡಗಿದ್ದವು. ನಡುವಿನ ಐದು ಎತ್ತರಗಳ ಎದುರು ಬಲಬದಿಯಲ್ಲಿ 4, 2, 4, 2, 4 ಇದ್ದರೆ ಎಡಬದಿಯಲ್ಲಿ 2, 4, 2, 4, 2 ಇತ್ತು. ಅವಳು ಯಾವುದಕ್ಕೂ ಸುತ್ತು ಹಾಕಿರಲಿಲ್ಲ, ಗೆರೆ ಎಳೆದಿರಲಿಲ್ಲ. ನನ್ನ ಕಣ್ಣೇ ನೇರ ಅಲ್ಲಿಗೆ ಹೋಗಿ ನಿಂತಿತು.

ಚಿತ್ತಾಪುರ ಬರುವ ಹೊತ್ತಿಗೆ ಕಾರಣ ತಿಳಿಯಿತು. ಹಳೆಯ ತಂತ್ರಾಂಶ ಎಣಿಕೆಯನ್ನು ಒಂದರಿಂದ ಶುರು ಮಾಡುತ್ತಿತ್ತು. ಮೊದಲ ಎತ್ತರ ಒಂದನೆಯದು, ಅದರ ಮುಂದಿನದು ಎರಡನೆಯದು. ಹಾಗಾಗಿ ಸಮಸಂಖ್ಯೆಯ ಸ್ಥಾನಕ್ಕೆ ನಾಲ್ಕರ ಗುಣಾಕಾರ. ಪೈಥಾನ್ ಎಣಿಸುವುದು ಸೊನ್ನೆಯಿಂದ. ಮೊದಲನೆಯದು ಸೊನ್ನೆ, ಮುಂದಿನದು ಒಂದು. ಇಲ್ಲಿ ನಾಲ್ಕು ಹೋಗಬೇಕಾದದ್ದು ಬೆಸಸಂಖ್ಯೆಗೆ. ನಾನು ಭಾಷೆ ಬದಲಿಸಿದ್ದೆ, ಎಣಿಕೆ ಬದಲಿಸಿರಲಿಲ್ಲ. ಎರಡು ವರ್ಷ ಆ ಪ್ರೋಗ್ರಾಂ ಯಾರ ಕೈಯಲ್ಲೂ 0.7854 ಕೊಟ್ಟಿರಲು ಸಾಧ್ಯವೇ ಇಲ್ಲ.

ಹಾಗಾದರೆ ಮೂವತ್ಮೂರು ಮಂದಿಗೆ ಬಂದದ್ದು ಹೇಗೆ? ಬಂದಿರಲಿಲ್ಲ. ಬರೆದಿದ್ದರು. ನಮ್ಮಲ್ಲಿ ಜರ್ನಲ್ಲಿನ ಪದ್ಧತಿಯೇ ಹಾಗೆ. ಹಿಂದಿನ ವರ್ಷದವರ ಜರ್ನಲ್ ನೋಡಿ ಇಡೀ ಪ್ರಯೋಗವನ್ನು ಮೊದಲು ಬರೆಯುತ್ತಾರೆ, 'ಔಟ್‌ಪುಟ್' ಎಂಬ ತಲೆಬರಹದ ಕೆಳಗೆ ಉತ್ತರವನ್ನೂ ಬರೆದು ಪೆನ್ಸಿಲಿನಲ್ಲಿ ಚೌಕ ಹಾಕುತ್ತಾರೆ, ಆಮೇಲೆ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಯಂತ್ರ ಬೇರೆ ಏನನ್ನೋ ತೋರಿಸಿದರೆ ತಾವು ಎಲ್ಲೋ ತಪ್ಪು ಟೈಪು ಮಾಡಿದ್ದೇವೆ ಅಂದುಕೊಂಡು ಎದ್ದುಬಿಡುತ್ತಾರೆ. ಹೊರಗೆ ಮೂರು ಮಂದಿ ಅದೇ ಕುರ್ಚಿಗೆ ಕಾದಿರುತ್ತಾರೆ. ನಾನು ಉತ್ತರ ನೋಡಿ ಸಹಿ ಹಾಕುತ್ತೇನೆ. ಪರದೆಯನ್ನು ನೋಡುವುದಿಲ್ಲ.

ಮರುದಿನ ಮೊದಲು ಹೇಳಿದ್ದು ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕಿಗೆ. ಶಹಾಬಾದಿನವರು, ನನಗಿಂತ ಹದಿನೈದು ವರ್ಷ ಚಿಕ್ಕವರು, ನನ್ನ ಚಿಂತೆಗಳನ್ನೆಲ್ಲ ಕೇಳಿ ಕೇಳಿ ಅಭ್ಯಾಸವಾದವರು. ಪ್ರೋಗ್ರಾಂ ನೋಡಿ ಅರ್ಧ ನಿಮಿಷದಲ್ಲಿ ಹಿಡಿದರು.

"ಒಂದು ಅಂಕಿ ಸರ್. ಸೊನ್ನೆ ಇದ್ದಲ್ಲಿ ಒಂದು ಮಾಡ್ರಿ, ಮುಗೀತು. ಎಲ್ಲಾರ ಜರ್ನಲ್‌ದಾಗೂ ಉತ್ತರ ಸರಿನೇ ಅದಲ್ಲ? ಪೆನ್ನಿಲೇ ತಿದ್ರಿ ಅಂತ ಹೇಳ್ರಿ. ಆ ಹುಡುಗಿಗೆ ಒಂದು ಹೊಸ ಹಾಳಿ ಕೊಡ್ರಿ. ಇದಕ್ಯಾಕ ಬಿಪಿ ಏರಿಸ್ಕೋತೀರಿ?"

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ಯೋಚಿಸಿದಷ್ಟೂ ಅನುಕೂಲವಾಗಿಯೇ ಕಂಡಿತು. ಉತ್ತರಗಳು ಸರಿ ಇವೆ, ಸಹಿಗಳು ಸರಿ ಉತ್ತರದ ಕೆಳಗಿವೆ, ತಿದ್ದಬೇಕಾದದ್ದು ಸಾಲಿನೊಳಗಿನ ಒಂದು ಅಂಕಿ. ಹೊರಗಿನಿಂದ ಬರುವ ಪರೀಕ್ಷಕರು ಒಂದೊಂದು ಜರ್ನಲ್ಲಿಗೆ ಅರ್ಧ ನಿಮಿಷ ಕೊಡುತ್ತಾರೆ. ಮಧ್ಯಾಹ್ನದೊಳಗೆ ಮೂವತ್ಮೂರನ್ನೂ ತಿದ್ದಿಸಿದ್ದಾಯಿತು. ಕಾರಣ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಸ ಹಾಳೆ ಹಿಡಿದು ಅವಳನ್ನು ಕರೆಸಿದೆ. ಪ್ರೋಗ್ರಾಮಿನಲ್ಲಿ ಸಣ್ಣ ದೋಷವಿತ್ತು, ನೀನು ಹೇಳಿದ್ದು ಸರಿ, ಆ ಹಾಳೆ ಹರಿದು ಇದರಲ್ಲಿ ಬರೆದು ತಾ, ಈಗಲೇ ಸಹಿ ಮಾಡುತ್ತೇನೆ ಎಂದೆ. ನನ್ನ ಮಟ್ಟಿಗೆ ಅದು ಕ್ಷಮಾಪಣೆಯಾಗಿತ್ತು.

ಅವಳು ಹಾಳೆ ತೆಗೆದುಕೊಳ್ಳಲಿಲ್ಲ.

"ಹರಿಯಂಗಿಲ್ರಿ ಸರ್."

ಯಾಕೆಂದು ಕೇಳಿದೆ.

"ಮೂರು ಸಲ ಕೆಂಪು ಗೆರಿ ಎಳದೀರಿ. ಎಲ್ಲಾರ ಮುಂದ ಎತ್ತಿ ತೋರ್ಸೀರಿ. ಈಗ ಹರದ್ರ ನಾ ತಪ್ಪು ಮಾಡಿ ತಿದ್ಕೊಂಡಂಗ ಆಗ್ತದ. ಮಷಿನ್ ಕೊಟ್ಟಿದ್ದೇ ನಾ ಬರದೀನ್ರಿ."

ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲು ಬರುವುದಿಲ್ಲ ಎಂದೆ. ಗೊತ್ತದ್ರಿ ಎಂದಳು. ಬಾಗಿಲ ತನಕ ಹೋಗಿ ತಿರುಗಿ, ಸಿಟ್ಟಿಗೆ ಬರಬ್ಯಾಡ್ರಿ ಸರ್ ಎಂದು ಹೇಳಿ ಹೋದಳು. ನನಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಲೆಕ್ಕ ಶುರುವಾಗಿತ್ತು: ಐದು ದಿನ, ಒಂದು ಜರ್ನಲ್, ಹಟ ಹಿಡಿದ ಒಬ್ಬ ವಿದ್ಯಾರ್ಥಿನಿ, ಕೇಳಲು ಬರಬಹುದಾದ ಪಾಲಕರು, ನೋಟಿಸು, ವಿಚಾರಣೆ. ವಿಚಾರಣೆಯಲ್ಲಿ ನಾನು ಹಾಕಿಕೊಳ್ಳಬೇಕಾದ ಅಂಗಿಯ ತನಕ ಯೋಚನೆ ಹೋಯಿತು.

ಮರುದಿನ ಬೆಳಿಗ್ಗೆ ಸೇಡಂ ರೈಲಿನಲ್ಲಿ ಕೂತಾಗ ಮಾತ್ರ, ಆ ಪಟ್ಟಿಯಲ್ಲಿದ್ದ ಒಂದೂ ಚಿಂತೆ ಅವಳದ್ದಲ್ಲ ಎಂಬುದು ಹೊಳೆಯಿತು. ಎಲ್ಲವೂ ನನ್ನವೇ. ಅವಳು ಒಂದು ವರ್ಷ ಕಳೆದುಕೊಳ್ಳಲು ಸಿದ್ಧಳಿದ್ದಳು, ಪರದೆಯ ಮೇಲೆ ಕಂಡದ್ದನ್ನು ಕಾಣಲಿಲ್ಲ ಅನ್ನಲು ಸಿದ್ಧಳಿರಲಿಲ್ಲ. ನಾನು ಕಂಪ್ಯೂಟರ್ ಕಲಿಸಲು ಶುರು ಮಾಡಿದಂದಿನಿಂದ ವಿದ್ಯಾರ್ಥಿಗಳಲ್ಲಿ ಹುಟ್ಟಿಸಬೇಕೆಂದುಕೊಂಡ ಗುಣ ಇದೇ. ಅದು ಒಬ್ಬಳಲ್ಲಿ ಕಂಡಾಗ ಮೂರು ಸಲ ಕೆಂಪು ಗೆರೆ ಎಳೆದಿದ್ದೆ.

ಇಡೀ ತರಗತಿಯನ್ನು ಪ್ರಯೋಗಾಲಯಕ್ಕೆ ಕರೆದೆ. ಪ್ರೊಜೆಕ್ಟರಿನ ತಂತಿ ಸಡಿಲ, ಕೈಯಲ್ಲಿ ಹಿಡಿದೇ ನಿಲ್ಲಬೇಕು. ಹಿಡಿದು ನಿಂತೆ. ನಾನು ಬರೆದುಕೊಟ್ಟಿದ್ದ ಪ್ರೋಗ್ರಾಮನ್ನು, ತಿದ್ದುಪಡಿ ಮಾಡದೆ, ಎಲ್ಲರೆದುರು ಓಡಿಸಿದೆ. ಗೋಡೆಯ ಮೇಲೆ 0.69975 ಬಂತು. ಈ ಪ್ರೋಗ್ರಾಂ ನನ್ನದು, ತಪ್ಪೂ ನನ್ನದು, ಒಬ್ಬರು ಮಾತ್ರ ಕಂಡದ್ದನ್ನು ಬರೆದಿದ್ದರು, ಅವರಿಗೆ ನಾನು ಎಲ್ಲರೆದುರು ಅಂದದ್ದು ತಪ್ಪು ಎಂದು ಹೇಳಿದೆ. ಹೇಳುವುದಕ್ಕೆ ನಿಮಿಷವೂ ಆಗಲಿಲ್ಲ. ಬೆವರು ಒರೆಸಿಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಉಳಿದವರಿಗೆ 0.7854 ಎಲ್ಲಿಂದ ಬಂತೆಂದು ಕೇಳಿದೆ. ಕುಂಚಾವರಂ ಕಡೆಯ ಒಬ್ಬ ವಿದ್ಯಾರ್ಥಿ, ಎದ್ದು ನಿಲ್ಲದೆ, "ಪುಸ್ತಕದಾಗ ಇತ್ತು, ಬರದ್ವಿ. ನೀವೂ ಸಹಿ ಮಾಡಿದ್ರಿ" ಎಂದ. ಆಪಾದನೆಯ ದನಿ ಇರಲಿಲ್ಲ. ಮಾಹಿತಿ ಕೊಟ್ಟಂತಿತ್ತು.

ಸೊನ್ನೆಯಿಂದ ಎಣಿಸುವುದನ್ನು ವಿವರಿಸಲು ಒಂದು ಉಪಮೆ ಯೋಚಿಸಿಕೊಂಡು ಹೋಗಿದ್ದೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲವಲ್ಲ, ಲಾಭ ಅನ್ನುತ್ತಾರಲ್ಲ, ಕಂಪ್ಯೂಟರೂ ಹಾಗೇ, ಮೊದಲನೆಯದಕ್ಕೆ ಒಂದು ಅನ್ನದೆ ಸೊನ್ನೆ ಅನ್ನುತ್ತದೆ ಎಂದೆ. ತರಗತಿ ಒಪ್ಪಿದಂತೆ ಕಾಣಲಿಲ್ಲ. ಅದೇ ಕುಂಚಾವರಂ ವಿದ್ಯಾರ್ಥಿ ಈ ಸಲ ಎದ್ದ.

"ಸರ್, ಲಾಭ ಆದ್ಮ್ಯಾಲ ಎರಡು ಅಂತಾರ್ರಿ. ಒಂದು ಅನ್ನಂಗೇ ಇಲ್ಲ. ಕಂಪ್ಯೂಟರ್ ಲಾಭ ಆದ್ಮ್ಯಾಲ ಒಂದು ಅಂದ್ರ, ಹತ್ತು ಸೇರು ಅಳದು ಒಂಬತ್ತು ಅಂತದ. ಅದನ್ನ ನಮ್ಮ ಕಣದಾಗ ಕೂಡಸಬ್ಯಾಡ್ರಿ."

ಎಲ್ಲರೂ ನಕ್ಕರು. ನನ್ನ ಉಪಮೆಯೂ ಪ್ರೋಗ್ರಾಮಿನ ಹಾಗೆ ಒಂದು ಸ್ಥಾನ ತಪ್ಪಿತ್ತು. ಗೋಡೆಯ ಬದಿಯಿಂದ ಅವಳು, ಯಾರಿಗೂ ಅಲ್ಲ ಎನ್ನುವ ಹಾಗೆ, "ಸರ್ ಮಾಡಿದ್ದೂ ಅದೇ. ಕಣದಾಗಿನಂಗ ಎಣಿಸ್ಯಾರ. ಲಾಭ, ಎರಡು, ಮೂರು. ಮಷಿನ್ ಲಾಭ, ಒಂದು, ಎರಡು ಅಂತದ" ಎಂದಳು. ಎರಡು ವರ್ಷದ ನನ್ನ ತಪ್ಪಿಗೆ ಅದಕ್ಕಿಂತ ಚಿಕ್ಕ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ. ಬೋರ್ಡಿನ ಮೇಲೆ ಎರಡು ಸಾಲಾಗಿ ಹಾಗೇ ಬರೆದೆ. ಕೆಳಗೆ ಗುಣಾಕಾರದ ಅಂಕಿಗಳನ್ನು ಬರೆದೆ. ಮತ್ತೆ ವಿವರಿಸಬೇಕಾಗಲಿಲ್ಲ.

ಆಮೇಲಿನದು ದುಡಿಮೆ. ಪ್ರತಿಯೊಬ್ಬರೂ ಹಳೆಯ ಪ್ರೋಗ್ರಾಂ ಒಂದು ಸಲ, ತಿದ್ದಿದ್ದು ಒಂದು ಸಲ ಓಡಿಸಬೇಕು, ಎರಡೂ ಉತ್ತರ ಬರೆಯಬೇಕು, ವ್ಯತ್ಯಾಸಕ್ಕೆ ಕಾರಣ ಎರಡು ಸಾಲಿನಲ್ಲಿ ಬರೆಯಬೇಕು, ನಾನು ಪರದೆ ನೋಡಿಯೇ ಸಹಿ ಹಾಕಬೇಕು ಎಂದು ನಿಶ್ಚಯಿಸಿದೆ. ಇದಕ್ಕೆ ಅಂಕ ಉಂಟೇ ಎಂದು ಕೇಳಿದರು. ಇಲ್ಲ ಎಂದೆ. ಒಂಬತ್ತು ಯಂತ್ರಗಳಿಗೆ ನಾಲ್ಕು ತಂಡ. ಎರಡನೇ ತಂಡ ಕೂತಾಗ ಕರೆಂಟ್ ಹೋಯಿತು. ಯುಪಿಎಸ್ ಆರು ನಿಮಿಷ ನಿಂತಿತು. ಮರುದಿನ ಎರಡು ಯಂತ್ರ ಏಳಲೇ ಇಲ್ಲ. ಕೊನೆಯ ತಂಡದವರು ತಮ್ಮ ಮೊಬೈಲಿನಲ್ಲೇ ಪ್ರೋಗ್ರಾಂ ಬರೆದು ಓಡಿಸಿದರು. ಪರದೆ ಚಿಕ್ಕದು, ನನ್ನ ಕನ್ನಡಕ ಹಳೆಯದು. ಆದರೂ ಉತ್ತರ ಅದೇ. ಮೊಬೈಲಿನಲ್ಲಿ ಇದು ನಡೆಯುತ್ತದೆಂದು ಎರಡು ವರ್ಷದಿಂದ ಗೊತ್ತಿದ್ದರೂ, ಯಾರಾದರೂ ಆಟ ಆಡಿಯಾರೆಂಬ ಚಿಂತೆಯಲ್ಲಿ ಮೊಬೈಲನ್ನು ಒಳಗೆ ಬಿಟ್ಟಿರಲಿಲ್ಲ.

ಅವಳ ಜರ್ನಲ್ಲಿನ ಆರನೇ ಪ್ರಯೋಗದ ಹಾಳೆಯಲ್ಲಿ ಮೂರು ಕೆಂಪು ಗೆರೆಗಳ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅದೇ ಕೆಂಪು ಪೆನ್ನಿನಿಂದ ಬರೆದೆ: 'ಕೊಟ್ಟ ಪ್ರೋಗ್ರಾಂ ತಪ್ಪಾಗಿತ್ತು. ವಿದ್ಯಾರ್ಥಿನಿ ಬರೆದ ಔಟ್‌ಪುಟ್ ಆ ಪ್ರೋಗ್ರಾಮಿನ ನಿಜವಾದ ಔಟ್‌ಪುಟ್. ಮೇಲಿನ ಮೂರು ಟಿಪ್ಪಣಿಗಳನ್ನು ಹಿಂಪಡೆದಿದ್ದೇನೆ.' ಸಹಿ, ದಿನಾಂಕ. ಪ್ರಮಾಣಪತ್ರಕ್ಕೂ ಸಹಿ ಮಾಡಿದೆ. ಅವಳು ಓದಿಕೊಂಡಳು. ಮುಂದಿನ ಹೊಸ ಹಾಳೆಯಲ್ಲಿ ತಿದ್ದಿದ ಪ್ರೋಗ್ರಾಂ ಬರೆಯಲು ಕೂತಳು.

ವಾಟ್ಸಾಪ್ ಗುಂಪಿಗೂ ಸಂದೇಶ ಹಾಕಿದೆ, ತಪ್ಪು ಎಲ್ಲಿದೆ, ಹೇಗೆ ತಿದ್ದಬೇಕು ಎಂದು. ಮತ್ತೆ ಕೈಮುಗಿದ ಚಿತ್ರಗಳು ಬಂದವು, ಮೊದಲ ಸಲ ಬಂದಷ್ಟೇ.

ಪರೀಕ್ಷೆಯ ದಿನ ಬಂದ ಹೊರ ಪರೀಕ್ಷಕರು ಪಕ್ಕದ ತಾಲೂಕಿನವರು, ನಿವೃತ್ತಿಗೆ ಹತ್ತಿರದವರು. ಜರ್ನಲ್‌ಗಳನ್ನು ಸರಸರ ತಿರುವುತ್ತಿದ್ದವರು ಅವಳದರ ಮೇಲೆ ನಿಂತರು. ಕೆಂಪು ಶಾಯಿ ಎಲ್ಲರ ಕಣ್ಣನ್ನೂ ಹಿಡಿಯುತ್ತದೆ. ಒಮ್ಮೆ ಓದಿ, ಕನ್ನಡಕ ಏರಿಸಿ ಮತ್ತೊಮ್ಮೆ ಓದಿ, ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಅವಳನ್ನು ಮೌಖಿಕಕ್ಕೆ ಕರೆದರು.

"ಪುಸ್ತಕದಾಗ ಬ್ಯಾರೆ ಉತ್ತರ ಅದ ಅಂತ ನಿನಗ ಗೊತ್ತಿತ್ತೇನವ್ವ?"

"ಗೊತ್ತಿತ್ರಿ."

"ಮತ್ತ ಅದೇ ಯಾಕ ಬರೀಲಿಲ್ಲ? ಸಹಿ ಆಗ್ತಿತ್ತಲ್ಲ."

"ಔಟ್‌ಪುಟ್ ಅಂತ ಬರದಿತ್ರಿ ಮ್ಯಾಲ. ಪುಸ್ತಕದ ಉತ್ತರ ಅಂತ ಬರದಿರ್ಲಿಲ್ರಿ."

ಅವರು ಪೆನ್ನು ತೆಗೆದರು. ನನ್ನ ಟಿಪ್ಪಣಿಯ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ನಿಯಮದಲ್ಲಿ ಅಂಥದ್ದೇನೂ ಇಲ್ಲ. ಚಹಾ ಕುಡಿಯುವಾಗ, ತಮ್ಮಲ್ಲೂ ನನ್ನ ಪಿಡಿಎಫ್ ನೋಡಿಯೇ ಕಲಿಸುತ್ತಾರೆ, ನನ್ನ ಸಂದೇಶಕ್ಕೆ ತಾವೂ ಕೈ ಮುಗಿದದ್ದು ನೆನಪಿದೆ, ಓದಿರಲಿಲ್ಲ ಎಂದರು. ಅವರ ಕಾಲೇಜಿನ ಪರೀಕ್ಷೆ ಹಿಂದಿನ ವಾರವೇ ಮುಗಿದಿತ್ತು. ಎಲ್ಲರ ಉತ್ತರವೂ 0.7854 ಇತ್ತಂತೆ.

ಸಂಜೆ ಅಂಕಪಟ್ಟಿ ಲಕೋಟೆಗೆ ಸೇರಿ ಅರಗು ಬಿತ್ತು. ಪರೀಕ್ಷಕರು ಹೋದರು. ನಾನು ಪ್ರಯೋಗಾಲಯಕ್ಕೆ ಬೀಗ ಹಾಕಿ, ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡುತ್ತಿದ್ದಾಗ ಅವಳು ಜರ್ನಲ್ ಕೇಳಿಕೊಂಡು ಬಂದಳು. ಕೊಟ್ಟೆ. ಆರನೇ ಪ್ರಯೋಗ ತೆಗೆದು ಎರಡು ಸಹಿಗಳನ್ನೂ ನೋಡಿ ಮುಚ್ಚಿದಳು. ಊರಿಗೆ ಯಾವಾಗ ಎಂದು ಕೇಳಿದೆ. ನಾಳೆ ಮುಂಜಾನೆಯ ಬಸ್ಸಿಗೆ ಎಂದಳು. ಹೋಗುವವಳು ನಿಂತಳು.

"ಸರ್, ಉಳಿದ ಪ್ರೋಗ್ರಾಂ ಎಲ್ಲಾ ಓಡ್ಸಿ ನೋಡೀರೇನ್ರಿ?"

ಇಲ್ಲ ಎಂದೆ. ಪರೀಕ್ಷೆ ಮುಗಿಯಲೆಂದು ಇದ್ದೆ ಎಂದೆ. ಅದು ಪೂರ್ತಿ ನಿಜವಲ್ಲ. ಹೆದರಿದ್ದೆ.

"ನಾ ನೋಡೀನ್ರಿ" ಎಂದಳು. "ಒಂಬತ್ತನೇದು ಒಮ್ಮೆ ನೋಡ್ರಿ. ಜರ್ನಲ್‌ದಾಗಿನ ಲೆಕ್ಕಕ್ಕ ಸರಿ ಬರ್ತದ್ರಿ, ಬ್ಯಾರೆ ಅಂಕಿ ಕೊಟ್ರ ತಪ್ಪು ಬರ್ತದ್ರಿ."

ರೈಲಿಗೆ ಇನ್ನೂ ಹೊತ್ತಿತ್ತು. ಬೀಗ ತೆಗೆದೆ. ಅವಳು ಗೋಡೆಯ ಬದಿಯ ಯಂತ್ರ ಹಚ್ಚಿದಳು. ನಾನು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಪರದೆ ನೋಡುತ್ತ ಕೂತೆ.